ಆಫೀಸಿಗೆ ನಡಿಗೆಯಾ, ಸೈಕಲ್ಲಾ, ಮೆಟ್ರೋ ಜೊತೆಗಾ? ನಿಮ್ಮ ದಾರಿಗೆ ಹೊಂದುವುದನ್ನು ಆರಿಸಿಕೊಳ್ಳುವ ಬಗೆ

ಆಫೀಸಿನ ಗೇಟಿನಲ್ಲಿ ನಾನು ಸೈಕಲ್ ಇಳಿಯುವುದನ್ನು ನೋಡಿದವರು ಎರಡು ಪ್ರಶ್ನೆ ಕೇಳುತ್ತಾರೆ. "ಎಷ್ಟಾಯ್ತು ಇದಕ್ಕೆ?" ಆಮೇಲೆ, "ನಾನೂ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ಉತ್ತರ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. "ಮನೆಯಿಂದ ಇಲ್ಲಿಗೆ ಬರೋ ದಾರೀಲಿ ನಿಮಗೆ ಭಯ ಆಗೋ ಜಾಗ ಯಾವುದು?"

ಹೆಚ್ಚಿನವರು ಯೋಚನೆಯನ್ನೇ ಮಾಡದೆ ಹೇಳಿಬಿಡುತ್ತಾರೆ. ಒಂದು ಫ್ಲೈಓವರ್ ಇಳಿಯುವ ಜಾಗ, ಒಂದು ಸರ್ಕಲ್, ಫುಟ್‌ಪಾತೇ ಇಲ್ಲದ ಒಂದು ತಿರುವು. ಏಳೆಂಟು ಕಿಲೋಮೀಟರ್ ದಾರಿಯಲ್ಲಿ ನಿಜವಾಗಿ ಕಷ್ಟದ್ದು ಮುನ್ನೂರು, ನಾನೂರು ಮೀಟರ್ ಅಷ್ಟೇ. ಆದರೆ ಜನ ಮನೆಯಲ್ಲಿ ಸ್ಕೂಟರ್ ಬಿಟ್ಟು ಹೊರಡದೇ ಇರುವುದು ಆ ಮುನ್ನೂರು ಮೀಟರಿಗಾಗಿಯೇ. ಹಾಗಾಗಿ ಇಲ್ಲಿ ನಡಿಗೆ, ಮೆಟ್ರೋ, ಸ್ವಂತ ಸೈಕಲ್, ಎಲೆಕ್ಟ್ರಿಕ್ ಸೈಕಲ್, ಬಾಡಿಗೆ ಸೈಕಲ್ ಇವನ್ನೆಲ್ಲ ಹೋಲಿಸುವಾಗ ಬೆಲೆ ಮತ್ತು ವೇಗದ ಜೊತೆಗೆ, ಆ ಕೆಟ್ಟ ತುಂಡನ್ನು ಯಾವುದು ಹೇಗೆ ದಾಟಿಸುತ್ತದೆ ಅನ್ನುವುದನ್ನೂ ನೋಡುತ್ತೇನೆ. ಉದಾಹರಣೆಗಳು ಜಾಸ್ತಿ ಬೆಂಗಳೂರಿನವು. ನಾನು ದಿನಾ ಓಡಾಡುವುದು ಇಲ್ಲೇ, ಹನುಮಂತನಗರದಿಂದ ರೆಸಿಡೆನ್ಸಿ ರಸ್ತೆ ಕಡೆಗೆ.

ಒಂದು ಮಾತು ಮೊದಲೇ ಹೇಳಬೇಕು. ನಾನು ಸೈಕಲ್ ಕಲಿತದ್ದು ತಿಪಟೂರು ಕಡೆಯ ಹಳ್ಳಿಯಲ್ಲಿ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತಲ್ಲ, ಆ ಸೈಕಲ್ಲಿನಲ್ಲೇ. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ. ಬ್ಯಾಗು ಕ್ಯಾರಿಯರ್‌ಗೆ ಸಿಕ್ಕಿಸಿ, ವೇಲನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ಐದಾರು ಹುಡುಗಿಯರು ಸಾಲಾಗಿ ಹೋಗುತ್ತಿದ್ದೆವು. ಆ ಯೋಜನೆಯ ಎಷ್ಟೋ ಹುಡುಗಿಯರು ಇವತ್ತು ಬೆಂಗಳೂರಿನ ಆಫೀಸು, ಆಸ್ಪತ್ರೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆಲ್ಲ ಸೈಕಲ್ ಬರುತ್ತದೆ. ಊರು ಬಿಟ್ಟಾಗ ಸೈಕಲ್ಲನ್ನೂ ಬಿಟ್ಟರು, ಅಷ್ಟೇ. ಇದನ್ನು ಮುಖ್ಯವಾಗಿ ಅವರನ್ನು ನೆನೆದೇ ಬರೆಯುತ್ತಿದ್ದೇನೆ.

ಮೊದಲು ಒಂದು ಭಾನುವಾರ ದಾರಿ ನೋಡಿ ಬನ್ನಿ

ದುಡ್ಡು ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸ ಇದು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮನೆಯಿಂದ ಆಫೀಸಿನವರೆಗೆ ಒಂದು ಸಲ ಹೋಗಿ ಬನ್ನಿ. ನಡೆದರೂ ಸರಿ, ಯಾರದ್ದಾದರೂ ಸೈಕಲ್ ಕೇಳಿ ತಗೊಂಡು ಹೋದರೂ ಸರಿ. ಸ್ಕೂಟರ್‌ನಲ್ಲಿ ದಿನಾ ಹೋಗುವ ದಾರಿಯನ್ನೇ ಹಿಡಿಯಬೇಡಿ. ಮ್ಯಾಪ್‌ನಲ್ಲಿ ನಡಿಗೆಯ ದಾರಿ ಹಾಕಿಕೊಂಡರೆ ನಿಮಗೆ ಗೊತ್ತೇ ಇರದ ಒಳರಸ್ತೆಗಳು ಕಾಣುತ್ತವೆ. ಮೇನ್ ರೋಡಿಗೆ ಸಮಾನಾಂತರವಾಗಿ, ಎರಡು ಅಡ್ಡರಸ್ತೆ ಒಳಗೆ, ಮರಗಳ ನೆರಳಿನಲ್ಲಿ ಹೋಗುವ ದಾರಿ ಬಸವನಗುಡಿ, ಜಯನಗರ, ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಸಿಕ್ಕೇ ಸಿಗುತ್ತದೆ.

ಹೋಗುವಾಗ ಕೆಟ್ಟ ತುಂಡುಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಆ ತುಂಡುಗಳನ್ನು ಮಾತ್ರ ಒಂದು ಸೋಮವಾರ ನೀವು ಹೊರಡುವ ಹೊತ್ತಿಗೇ ನಿಂತು ನೋಡಿ. ಭಾನುವಾರದ ಹಡ್ಸನ್ ಸರ್ಕಲ್ಲಿಗೂ ಸೋಮವಾರ ಒಂಬತ್ತೂವರೆಯ ಹಡ್ಸನ್ ಸರ್ಕಲ್ಲಿಗೂ ಸಂಬಂಧವೇ ಇಲ್ಲ. ನನ್ನ ದಾರಿಯ ಕೆಟ್ಟ ತುಂಡು ಅದೇ. ನಾನು ಅಲ್ಲಿ ಸೈಕಲ್ ಇಳಿದು, ನಡೆಯುವವರ ಜೊತೆ ಸೇರಿ, ಸಿಗ್ನಲ್ ಬಿದ್ದ ಮೇಲೆ ತಳ್ಳಿಕೊಂಡು ದಾಟುತ್ತೇನೆ. ಮೂರು ನಿಮಿಷ ಜಾಸ್ತಿ ಆಗುತ್ತದೆ. ಆದರೆ ಇಳಿದು ತಳ್ಳಿಕೊಂಡು ಹೊರಟ ಕೂಡಲೇ ನೀವು ಪಾದಚಾರಿ. ಈ ಅನುಕೂಲ ಸ್ಕೂಟರಿಗೂ ಇಲ್ಲ, ಕಾರಿಗೂ ಇಲ್ಲ.

ರಸ್ತೆಯ ಮೇಲೆ ಬಳಿದ ಬಣ್ಣವನ್ನು ನಂಬಿ ಮಾತ್ರ ಲೆಕ್ಕ ಹಾಕಬೇಡಿ. ಜಯನಗರದಲ್ಲಿ ಸೈಕಲ್ಲಿಗೆ ಅಂತ ಮಾಡಿದ ದಾರಿಯಲ್ಲಿ ಕಾರುಗಳು ನಿಂತವು. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಂ ಕಡೆಗೆ ಸುಮಾರು 17 ಕಿಲೋಮೀಟರ್ ಸೈಕಲ್ ಲೇನ್ ಬಂದಾಗ ನಮಗೆಲ್ಲ ಎಷ್ಟು ಖುಷಿಯಾಗಿತ್ತು! ನಡುವೆ ನೆಟ್ಟ ಪ್ಲಾಸ್ಟಿಕ್ ಕಂಬಗಳು ಅಲ್ಲಲ್ಲಿ ಮುರಿದುಬಿದ್ದವು, ಬೈಕುಗಳು ನುಗ್ಗಿದವು. ಆದ್ದರಿಂದ ಕಣ್ಣಾರೆ ನೋಡಿದ್ದೇ ಸತ್ಯ. ನಿಮ್ಮ ಹೊತ್ತಿಗೆ, ನಿಮ್ಮ ದಾರಿಯಲ್ಲಿ.

ಎರಡು ಕಿಲೋಮೀಟರ್ ಒಳಗಿದ್ದರೆ ನಡೆಯಿರಿ

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸಾಮಾನ್ಯ ನಡಿಗೆಯಲ್ಲಿ ಗಂಟೆಗೆ ನಾಲ್ಕೂವರೆ, ಐದು ಕಿಲೋಮೀಟರ್ ಸಾಗುತ್ತೇವೆ. ಎರಡು ಕಿಲೋಮೀಟರಿಗೆ 25 ನಿಮಿಷ. ಅದೇ ದೂರಕ್ಕೆ ಸೈಕಲ್ ತೆಗೆದು, ಗಾಳಿ ನೋಡಿ, ಅಲ್ಲಿ ಹೋಗಿ ಬೀಗ ಹಾಕುವಷ್ಟರಲ್ಲಿ ಉಳಿಯುವುದು ಹತ್ತು ನಿಮಿಷ. ಸ್ಕೂಟರಿನಲ್ಲಿ ಹೋದರೂ ಪಾರ್ಕಿಂಗ್ ಹುಡುಕುವುದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ವಾರಕ್ಕೆ 150ರಿಂದ 300 ನಿಮಿಷ ಮೈಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಫೀಸು ಒಂದೂವರೆ ಕಿಲೋಮೀಟರ್ ದೂರ ಇದ್ದು, ಐದು ದಿನ ಹೋಗಿಬರುವುದನ್ನು ನಡೆದೇ ಮಾಡಿದರೆ ಸುಮಾರು 190 ನಿಮಿಷ ಆಯಿತು. ಬೇರೆ ಹೊತ್ತು ಹುಡುಕುವ ಕೆಲಸವೇ ಇಲ್ಲ. ಮನೆ, ಮಕ್ಕಳು, ಅಡುಗೆ, ಕೆಲಸ ಎಲ್ಲ ನೋಡಿಕೊಳ್ಳುವ ಹೆಂಗಸರಿಗೆ "ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ" ಅಂತ ಹೇಳುವುದು ಸುಲಭ. ಹೋಗುವುದು ಎಲ್ಲಿ? ಕೆಲಸಕ್ಕೆ ಹೋಗುವ ದಾರಿಯೇ ವಾಕಿಂಗ್ ಆದರೆ ಮಾತ್ರ ಅದು ನಡೆಯುತ್ತದೆ.

ನಡಿಗೆಯ ಕೆಟ್ಟ ತುಂಡು ಯಾವುದು? ಫುಟ್‌ಪಾತ್. ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು ಅಂತ ರಸ್ತೆಗಳ ಅಳತೆ ನಿಗದಿ ಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಲ್ಲಿದೆ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಚಿಕ್ಕ ಸ್ಕೇಲ್ ಇರುತ್ತದಲ್ಲ, ಅದು ಸರಿಯಾಗಿ 15 ಸೆಂಟಿಮೀಟರ್. ಒಂದು ದಿನ ಅದನ್ನು ತಗೊಂಡು ಹೋಗಿ ನಮ್ಮ ಬೀದಿಯ ಫುಟ್‌ಪಾತ್ ಅಂಚಿಗೆ ಹಿಡಿದೆ. ಮೊದಲ ಮೆಟ್ಟಿಲಿಗೆ ಸ್ಕೇಲು ಸಾಲಲಿಲ್ಲ. ಎರಡು ಸ್ಕೇಲ್ ಒಂದರ ಮೇಲೊಂದು ಇಡಬೇಕಾದಷ್ಟು ಎತ್ತರ. ಮಂಡಿ ನೋವಿರುವ ನಮ್ಮ ಅತ್ತೆ ಯಾಕೆ ರಸ್ತೆಯ ಮೇಲೇ ನಡೆಯುತ್ತಾರೆ ಅಂತ ಆವತ್ತು ಅರ್ಥವಾಯಿತು. ಪ್ರತಿ ಗೇಟಿಗೂ ಇಳಿದು ಹತ್ತುವುದಕ್ಕಿಂತ ರಸ್ತೆಯೇ ವಾಸಿ ಅಂತ ಅವರ ಕಾಲು ತೀರ್ಮಾನ ಮಾಡಿತ್ತು.

ಚೆನ್ನಾಗಿರುವ ಕಡೆ ಎಷ್ಟು ಚೆನ್ನ ಅಂತ ನೋಡಬೇಕೆಂದರೆ ಟೆಂಡರ್ ಶ್ಯೂರ್ ಅನ್ನುವ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಿಗೆ ಹೋಗಿ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ. ನೀರು, ಚರಂಡಿ, ಕರೆಂಟ್ ಕೇಬಲ್ ಎಲ್ಲ ಕೆಳಗೆ ಹೋಗಿವೆ, ಮೇಲೆ ಅಗಲವಾದ ಫುಟ್‌ಪಾತ್. ಅಲ್ಲಿ ಇಬ್ಬರು ಮಾತಾಡಿಕೊಂಡು ಅಕ್ಕಪಕ್ಕ ನಡೆಯಬಹುದು. ನಿಮ್ಮ ಆಫೀಸು ಅಂಥ ಕಡೆ ಇದ್ದರೆ, ಮನೆ ಎರಡೂವರೆ ಮೂರು ಕಿಲೋಮೀಟರ್ ಇದ್ದರೂ ನಡೆಯಿರಿ ಅನ್ನುತ್ತೇನೆ. ಇಲ್ಲದಿದ್ದರೆ ಒಳರಸ್ತೆ ಹಿಡಿಯಿರಿ. ರಸ್ತೆಯ ಅಂಚಿನಲ್ಲೇ ನಡೆಯಬೇಕಾದ ಕಡೆ ಬಲಗಡೆ, ಎದುರು ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ ನಡೆಯಿರಿ.

ದೂರ ಹತ್ತು ಕಿಲೋಮೀಟರ್ ಮೀರಿದರೆ ಮೆಟ್ರೋ ಜೊತೆ ನಡಿಗೆ

ಹತ್ತಾರು ಕಿಲೋಮೀಟರ್ ದಿನಾ ಸೈಕಲ್ ತುಳಿಯುವವರಿದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಎರಡನೇ ವಾರವೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಮೆಟ್ರೋ ದಾರಿ ಹತ್ತಿರ ಇದ್ದರೆ ಅದೇ ಒಳ್ಳೇದು. ಪರ್ಪಲ್ ಲೈನ್ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡುತ್ತಿದೆ. 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಯೆಲ್ಲೋ ಲೈನ್ ಬಂತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಈಗ ಪ್ರಶ್ನೆ ಉಳಿದಿರುವುದು ಸ್ಟೇಷನ್ನಿನಿಂದ ಆಫೀಸಿನವರೆಗಿನ ಒಂದೆರಡು ಕಿಲೋಮೀಟರ್ ಮಾತ್ರ.

ಈ ಕೊನೆಯ ತುಂಡಿಗೆ ಆಟೋ ಹಿಡಿಯುವುದು ಅಭ್ಯಾಸವಾದರೆ ತಿಂಗಳ ಖರ್ಚು ಮೆಟ್ರೋ ಟಿಕೆಟ್ಟನ್ನೇ ಮೀರಿಸುತ್ತದೆ. ನಡೆದುಬಿಡಿ. ಮಳೆ ಜೋರಾಗಿ ಬಂದ ದಿನ ನಾನು ಮಾಡುವುದೂ ಇದನ್ನೇ. ನ್ಯಾಷನಲ್ ಕಾಲೇಜ್ ಸ್ಟೇಷನ್ ತನಕ ನಡೆಯುತ್ತೇನೆ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಎಂ.ಜಿ. ರೋಡಿನಲ್ಲಿ ಇಳಿಯುತ್ತೇನೆ, ಅಲ್ಲಿಂದ ಮತ್ತೆ ನಡಿಗೆ. ಮೆಜೆಸ್ಟಿಕ್ ಒಳಗೆ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವುದೇ ಒಂದು ನಡಿಗೆ ಅಂತ ಓಡಾಡುವವರಿಗೆ ಗೊತ್ತು. ಸೈಕಲ್ಲಿಗೆ ಹೋಲಿಸಿದರೆ ಇದರಲ್ಲಿ ಹತ್ತು ಹದಿನೈದು ನಿಮಿಷ ಜಾಸ್ತಿ, ಆದರೆ ಹಡ್ಸನ್ ಸರ್ಕಲ್ ದಾಟುವ ಗೋಜೇ ಇರುವುದಿಲ್ಲ.

ಮಡಿಸುವ ಸೈಕಲ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಮೆಟ್ರೋದಲ್ಲಿ 2020ರಿಂದ ಅದಕ್ಕೆ ಅನುಮತಿ ಇದೆ, ಅಳತೆ ಮತ್ತು ತೂಕಕ್ಕೆ ಮಿತಿ ಇದೆ. ಕೊಳ್ಳುವ ಮೊದಲು ಸ್ಟೇಷನ್ನಿನಲ್ಲಿ ಆ ಮಿತಿ ಕೇಳಿಕೊಂಡು, ಅಂಗಡಿಯಲ್ಲಿ ಸೈಕಲ್ ಮಡಿಸಿಸಿ ಟೇಪ್ ಹಿಡಿದು ನೋಡಿ. ಮೆಟ್ಟಿಲು ಹತ್ತುವಾಗ ಕೈಯಲ್ಲಿ ಎತ್ತಿಕೊಂಡು ಹೋಗಬೇಕಾದದ್ದು ನೀವೇ, ಅದನ್ನೂ ನೆನಪಿಡಿ. ಹನ್ನೆರಡು ಹದಿಮೂರು ಕಿಲೋ ತೂಕದ್ದನ್ನು ದಿನಾ ಎರಡು ಸಲ ಎತ್ತುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ.

ಎರಡರಿಂದ ಎಂಟು ಕಿಲೋಮೀಟರ್: ಸೈಕಲ್ಲಿನ ರಾಜ್ಯ

ಪೇಟೆಯೊಳಗೆ ಸೈಕಲ್ ಗಂಟೆಗೆ ಹನ್ನೆರಡರಿಂದ ಹದಿನೈದು ಕಿಲೋಮೀಟರ್ ಹೋಗುತ್ತದೆ. ಸಿಗ್ನಲ್ಲು, ತಳ್ಳಿಕೊಂಡು ದಾಟುವುದು ಎಲ್ಲ ಸೇರಿ ನನ್ನ ಏಳು ಕಿಲೋಮೀಟರಿಗೆ 38 ನಿಮಿಷ ಬೇಕು. ಟ್ರಾಫಿಕ್ ಇದ್ದರೂ 38, ಇಲ್ಲದಿದ್ದರೂ ಹೆಚ್ಚು ಕಡಿಮೆ ಅಷ್ಟೇ. ನನಗೆ ಇದು ವೇಗಕ್ಕಿಂತ ದೊಡ್ಡ ಲಾಭ. ಒಂಬತ್ತೂವರೆ ಮೀಟಿಂಗಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ನಿಖರವಾಗಿ ಗೊತ್ತಿರುತ್ತದೆ.

ಪೆಟ್ರೋಲ್ ಉಳಿತಾಯದ ಆಸೆ ತೋರಿಸಿ ನಿಮ್ಮನ್ನು ಎಳೆಯುವುದಿಲ್ಲ. ದಿನಕ್ಕೆ 14 ಕಿಲೋಮೀಟರ್, ತಿಂಗಳಿಗೆ 22 ದಿನ ಅಂದರೆ ಸ್ಕೂಟರಿಗೆ ಸುಮಾರು ಏಳು ಲೀಟರ್. ಏಳುನೂರು ರೂಪಾಯಿ ಚಿಲ್ಲರೆ. ಸಾಧಾರಣ ಸೈಕಲ್ಲಿನ ಬೆಲೆ ಹುಟ್ಟಲು ಒಂದು ವರ್ಷ ಬೇಕು. ದಿನಾ ಆಟೋ, ಕ್ಯಾಬ್ ಹಿಡಿಯುವವರಿಗಾದರೆ ಎರಡು ತಿಂಗಳೂ ಬೇಡ.

ಈಗ ಯಾವ ಸೈಕಲ್? ಅಂಗಡಿಗೆ ಹೋದರೆ ಮೊದಲು ತೋರಿಸುವುದು ಮುಂದೆ ಶಾಕ್ ಅಬ್ಸಾರ್ಬರ್, ದಪ್ಪ ಗಂಟುಗಂಟಿನ ಟೈರು ಇರುವ ಬೆಟ್ಟ ಹತ್ತುವ ಮಾದರಿ. ನೋಡಲು ಗಟ್ಟಿಮುಟ್ಟಾಗಿದೆ, ಹುಡುಗರಿಗೆ ಇಷ್ಟ. ದಿನದ ಓಡಾಟಕ್ಕೆ ನಾನು ಬೇಡ ಅನ್ನುತ್ತೇನೆ. ಡಾಂಬರು ರಸ್ತೆಯಲ್ಲಿ ಆ ಟೈರು ಪ್ರತಿ ತುಳಿತಕ್ಕೂ ಹಿಂದಕ್ಕೆ ಎಳೆಯುತ್ತದೆ. ಅಗ್ಗದ ಶಾಕ್ ಅಬ್ಸಾರ್ಬರ್ ಸುಮ್ನೆ ತೂಕ. ಮಡ್‌ಗಾರ್ಡ್ ಇರುವುದಿಲ್ಲ, ಕ್ಯಾರಿಯರ್ ಇರುವುದಿಲ್ಲ, ಚೈನ್ ಕವರ್ ಇರುವುದಿಲ್ಲ. ಆಫೀಸಿಗೆ ಹೋಗುವವರಿಗೆ ಬೇಕಾದದ್ದು ಈ ಮೂರೇ.

ನಾಲ್ಕೈದು ಕಿಲೋಮೀಟರ್ ಒಳಗೆ, ದಾರಿ ಹೆಚ್ಚು ಏರಿಲ್ಲದಿದ್ದರೆ, ಗೇರ್ ಇಲ್ಲದ ಸಾಧಾರಣ ಸೈಕಲ್ ಸಾಕು. ಆರೇಳು ಸಾವಿರದಿಂದ ಹತ್ತು ಸಾವಿರದೊಳಗೆ ಸಿಗುತ್ತದೆ. ಎಲ್ಲ ಬೀದಿಯಲ್ಲೂ ರಿಪೇರಿ ಮಾಡುತ್ತಾರೆ, ಕಳ್ಳರ ಕಣ್ಣೂ ಅಷ್ಟಾಗಿ ಬೀಳುವುದಿಲ್ಲ. ಏರು ಇದ್ದರೆ, ದೂರ ಜಾಸ್ತಿ ಇದ್ದರೆ ಹೈಬ್ರಿಡ್ ಅನ್ನುವ ಗೇರ್ ಸೈಕಲ್ ನೋಡಿ. ಟೈರು ಮಧ್ಯಮ ದಪ್ಪ, ಹಿಂದೆ ಏಳು ಗೇರ್ ಇದ್ದರೆ ಬೆಂಗಳೂರಿಗೆ ಧಾರಾಳ. ಹದಿನೈದು ಸಾವಿರದ ಆಸುಪಾಸಿನಿಂದ ಶುರು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಹೆಣ್ಣುಮಕ್ಕಳಿಗೆ ನನ್ನ ಸಲಹೆ ಒಂದೇ. ಮಧ್ಯದ ಅಡ್ಡ ಕಂಬಿ ಕೆಳಗೆ ಬಾಗಿರುವ, ಶಾಲೆಯಲ್ಲಿ ಓಡಿಸಿದೆವಲ್ಲ, ಆ ಬಗೆಯ ಸೈಕಲ್ ತಗೊಳ್ಳಿ. ಚೂಡಿದಾರದಲ್ಲೇ ಹತ್ತಿ ಇಳಿಯಬಹುದು. ಸಿಗ್ನಲ್‌ನಲ್ಲಿ ಥಟ್ಟನೆ ಕಾಲು ಕೆಳಗಿಡಬಹುದು, ಈ ಧೈರ್ಯ ಎಲ್ಲಕ್ಕಿಂತ ಮುಖ್ಯ. ವೇಲ್ ಬ್ಯಾಗಿನೊಳಗೆ ಹೋಗಲಿ. ಪ್ಯಾಂಟಿನ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡು ಹಾಕಿದರೆ ಚೈನಿನ ಎಣ್ಣೆ ಹತ್ತುವುದಿಲ್ಲ.

ಕೊಂಡ ದಿನವೇ ಸೀಟಿನ ಎತ್ತರ ಸರಿ ಮಾಡಿಸಿಕೊಳ್ಳಿ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗುತ್ತದೆ. ನಮ್ಮ ಬೀದಿಗಳಲ್ಲಿ ನೋಡಿ, ಹತ್ತರಲ್ಲಿ ಏಳು ಜನ ಸೀಟು ತಗ್ಗಿಸಿ, ಮಂಡಿಯನ್ನು ಎದೆಯ ತನಕ ಎತ್ತಿ ಎತ್ತಿ ತುಳಿಯುತ್ತಿರುತ್ತಾರೆ. ಒಂದು ವಾರದಲ್ಲಿ ಮಂಡಿ ನೋವು ಬರುತ್ತದೆ, "ಸೈಕಲ್ ನಂಗೆ ಆಗಲ್ಲ" ಅಂತ ಮೂಲೆಗೆ ಹಾಕುತ್ತಾರೆ. ಹತ್ತು ಸೆಂಟಿಮೀಟರ್ ಸೀಟು ಎತ್ತಿದ್ದರೆ ಆಗಿಹೋಗುತ್ತಿತ್ತು.

ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಜೋರಾಗಿ ಕೇಳುವ ಬೆಲ್ಲು. ಇವು ಸೈಕಲ್ ಬೆಲೆಯ ಒಳಗೇ ಸೇರಿದವು ಅಂತ ಲೆಕ್ಕ ಹಾಕಿ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲಿನಷ್ಟು ದೂರ ಬಿಡಿ, ಯಾರು ಯಾವಾಗ ತೆಗೆಯುತ್ತಾರೋ ಗೊತ್ತಾಗುವುದಿಲ್ಲ. ಬಸ್ಸಿನ ಎಡಗಡೆ ಸಂದಿಯಲ್ಲಿ ಯಾವತ್ತೂ ನುಗ್ಗಬೇಡಿ. ಒನ್ ವೇಯಲ್ಲಿ ಎದುರು ಬರಬೇಡಿ. ಸುತ್ತು ಬೇಡ ಅನಿಸಿದರೆ ಇಳಿದು ತಳ್ಳಿಕೊಂಡು ಹೋಗಿ.

ಎಲೆಕ್ಟ್ರಿಕ್ ಯಾರಿಗೆ, ಬಾಡಿಗೆ ಯಾರಿಗೆ

ನಿಮ್ಮ ಕೆಟ್ಟ ತುಂಡು ಏರು ಆಗಿದ್ದರೆ, ಅಥವಾ ಐವತ್ತು ದಾಟಿದ್ದು ಮಂಡಿ ಒಪ್ಪದಿದ್ದರೆ, ಎಲೆಕ್ಟ್ರಿಕ್ ಸೈಕಲ್ ನಿಜಕ್ಕೂ ವರ. ಮೋಟರ್ 250 ವಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದೆ ಇದ್ದರೆ ಲೈಸೆನ್ಸೂ ಬೇಡ, ರಿಜಿಸ್ಟ್ರೇಷನ್ನೂ ಬೇಡ. ಬ್ಯಾಟರಿ ಒಂದು ಸಲ ತುಂಬಲು ಅರ್ಧ ಯೂನಿಟ್ ಕರೆಂಟೂ ಹಿಡಿಯುವುದಿಲ್ಲ, ಎರಡು ಮೂರು ರೂಪಾಯಿ. ಬೆಲೆ ಇಪ್ಪತ್ತೈದು ಸಾವಿರದಿಂದ ಮೇಲೆ. ತೊಂದರೆ ತೂಕದ್ದು. ಇಪ್ಪತ್ತು ಕಿಲೋಗೂ ಮೀರಿದ್ದನ್ನು ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಹೊರಲಾಗುವುದಿಲ್ಲ. ಕೆಳಗೆ ಬಿಟ್ಟು ಬ್ಯಾಟರಿ ಮಾತ್ರ ಬಿಚ್ಚಿ ಮೇಲೆ ತರುವಂತಿದ್ದರೆ ಮಾತ್ರ ತಗೊಳ್ಳಿ. ಬ್ಯಾಟರಿ ಹಳೆಯದಾದ ಮೇಲೆ ಬದಲಿಸುವ ಖರ್ಚನ್ನು ಅಂಗಡಿಯಲ್ಲೇ ಕೇಳಿ ಬರೆದುಕೊಳ್ಳಿ.

ಬಾಡಿಗೆಯದ್ದು ಬೇರೆ ಲೆಕ್ಕ. ಬೆಂಗಳೂರಿನಲ್ಲಿ ಯುಲು ಅನ್ನುವ ಸಣ್ಣ ಎಲೆಕ್ಟ್ರಿಕ್ ಬಾಡಿಗೆ ಗಾಡಿಗಳು ಮೆಟ್ರೋ ಸ್ಟೇಷನ್ನುಗಳ ಬಳಿ ಸಿಗುತ್ತವೆ. ಸ್ಟೇಷನ್ನಿನಿಂದ ಆಫೀಸು ಒಂದೂವರೆ ಎರಡು ಕಿಲೋಮೀಟರ್ ಇದ್ದು, ವಾರಕ್ಕೆ ಎರಡು ದಿನ ಮಾತ್ರ ಹೋಗುವವರಿಗೆ ಸರಿ. ದಿನಾ ಹೋಗುವವರಿಗೆ ದುಬಾರಿ ಬೀಳುತ್ತದೆ. ಅದರಲ್ಲಿ ತುಳಿಯುವ ಕೆಲಸವೂ ಇಲ್ಲ, ಹಾಗಾಗಿ ಮೈಗೆ ಲಾಭವಿಲ್ಲ. ಮೈಸೂರಿನವರಿಗೆ ಟ್ರಿಣ್ ಟ್ರಿಣ್ ಇದೆ. 2017ರ ಜೂನ್‌ನಲ್ಲಿ 450 ಸೈಕಲ್ ಇಟ್ಟು ಶುರುವಾಯಿತು. ಒಂದು ಸ್ಟ್ಯಾಂಡಿನಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಅಗಲವಾದ ರಸ್ತೆ, ಮರದ ನೆರಳು, ಸಣ್ಣ ದೂರ, ಹೀಗಿರುವ ಮೈಸೂರಿಗೆ ಅದು ಹೊಂದುತ್ತದೆ. ಸೈಕಲ್ ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಆಗದವರು ಒಂದು ತಿಂಗಳು ಇದರಲ್ಲಿ ಓಡಾಡಿ ನೋಡಬಹುದು.

ಬೆವರು, ಮಳೆ

ಇವೆರಡಕ್ಕೆ ಹೆದರಿ ಬಿಡುವವರೇ ಜಾಸ್ತಿ, ಆದರೆ ಮಾತು ಜಾಸ್ತಿ ಬೇಕಿಲ್ಲ. ಬೆಂಗಳೂರಿನ ಬೆಳಗಿನಲ್ಲಿ ಆರು ಕಿಲೋಮೀಟರ್ ನಿಧಾನಕ್ಕೆ ತುಳಿದರೆ ಬೆವರು ಒಂದು ಟವೆಲ್ಲಿನಲ್ಲಿ ಮುಗಿಯುತ್ತದೆ. ಬ್ಯಾಗು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್‌ಗೆ ಕಟ್ಟಿ. ಬೆನ್ನು ಒದ್ದೆಯಾಗುವುದು ಬ್ಯಾಗಿನಿಂದ. ಒಂದು ಕಾಟನ್ ಕುರ್ತಾ ಆಫೀಸಿನ ಡ್ರಾಯರಿನಲ್ಲಿ ಇರಲಿ.

ಮಳೆ ಇಲ್ಲಿ ಹೆಚ್ಚಾಗಿ ಸಂಜೆಯದ್ದು, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಸಂಜೆ ಜೋರು ಮಳೆಯಾದರೆ ಸೈಕಲ್ ಅಲ್ಲೇ ಬಿಟ್ಟು ಮೆಟ್ರೋದಲ್ಲಿ ಹೋಗಿ. ನೀರು ನಿಂತ ರಸ್ತೆಯಲ್ಲಿ ಗುಂಡಿ ಎಲ್ಲಿದೆ, ಮುಚ್ಚಳವಿಲ್ಲದ ಮೋರಿ ಎಲ್ಲಿದೆ ಅಂತ ಕಾಣುವುದಿಲ್ಲ. ಅಲ್ಲಿ ಸಾಹಸ ಬೇಡವೇ ಬೇಡ.

ಆಫೀಸಿನವರು ಯಾವುದಕ್ಕೆ ದುಡ್ಡು ಹಾಕಬೇಕು

ನೀವು ಎಚ್‌ಆರ್‌ನಲ್ಲಿದ್ದರೆ, ಅಪಾರ್ಟ್‌ಮೆಂಟ್ ಸಂಘದಲ್ಲಿದ್ದರೆ, ಅಥವಾ ಹತ್ತು ಜನ ಕೆಲಸ ಮಾಡುವ ಅಂಗಡಿಯ ಮಾಲೀಕರಾಗಿದ್ದರೆ ಈ ಭಾಗ ನಿಮಗೆ.

ಸಾಮಾನ್ಯವಾಗಿ ಮೊದಲು ಹೊಳೆಯುವುದು ಒಂದು ದಿನದ ಸೈಕಲ್ ಜಾಥಾ. ಟೀ ಶರ್ಟು, ಬ್ಯಾನರು, ಫೋಟೋ. ಅದು ತಪ್ಪೇನಲ್ಲ. ಬೆಂಗಳೂರಿನಲ್ಲಿ 2013ರಿಂದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಸಿದ ಸೈಕಲ್ ದಿನಗಳಲ್ಲಿ ಎಷ್ಟೋ ಜನ ಬಡಾವಣೆಯ ರಸ್ತೆಯಲ್ಲಿ ಮಕ್ಕಳ ಜೊತೆ ನಿರ್ಭಯವಾಗಿ ತುಳಿದರು, ಮರೆತದ್ದು ನೆನಪಾಯಿತು. ಆದರೆ ಒಂದು ಆಫೀಸಿಗೆ ದುಡ್ಡು ಸ್ವಲ್ಪವೇ ಇದ್ದರೆ ನಾನು ಅದನ್ನು ಟೀ ಶರ್ಟಿಗೆ ಹಾಕುವುದಿಲ್ಲ. ಸೈಕಲ್ ಸ್ಟ್ಯಾಂಡಿಗೆ ಹಾಕುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಬೇಸ್‌ಮೆಂಟಿನಲ್ಲಿ ಪ್ರತಿ ಕಾರಿಗೂ, ಬೈಕಿಗೂ ನಂಬರ್ ಬರೆದ ಜಾಗ ಇತ್ತು. ಸೈಕಲ್ಲಿಗೆ ನಂಬರ್ ಇಲ್ಲ, ಆದ್ದರಿಂದ ಜಾಗ ಇಲ್ಲ. ದಿನಾ ಹೊರಗೆ ಕಂಬಕ್ಕೆ ಕಟ್ಟುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಬೀಗ ಮಾತ್ರ ಇತ್ತು. ಆಮೇಲೆ ಎಂಟು ತಿಂಗಳು ನಾನು ಸೈಕಲ್ ಮುಟ್ಟಲಿಲ್ಲ. ಈಗಿನ ಆಫೀಸಿಗೆ ಬಂದ ಮೊದಲ ದಿನ ಗೇಟಿನ ಸೆಕ್ಯೂರಿಟಿಯವರನ್ನು ಕೇಳಿದೆ, "ಅಣ್ಣ, ಸೈಕಲ್ ಎಲ್ಲಿ ಹಾಕಲಿ?" ಅವರು ಜನರೇಟರ್ ರೂಮಿನ ಪಕ್ಕ ಕರೆದುಕೊಂಡು ಹೋದರು. ಅಲ್ಲಿ ಆಗಲೇ ಒಂದು ಹಳೇ ಕಪ್ಪು ಸೈಕಲ್ ನಿಂತಿತ್ತು, ಹ್ಯಾಂಡಲ್‌ಗೆ ಟಿಫನ್ ಕ್ಯಾರಿಯರ್ ನೇತುಹಾಕಿತ್ತು. "ಇದು ನಂದೇ ಮೇಡಂ. ಪಕ್ಕದಲ್ಲಿ ಹಾಕ್ಕಳಿ. ಕುರ್ಚಿಯಿಂದ ನಂಗೆ ಕಾಣತ್ತೆ." ಅವತ್ತೇ ನಾನು ಮತ್ತೆ ಶುರು ಮಾಡಿದ್ದು.

ಹಾಗಾಗಿ ಸ್ಟ್ಯಾಂಡ್ ಬೇಸ್‌ಮೆಂಟಿನ ಮೂಲೆಯಲ್ಲಿ ಬೇಡ. ಗೇಟಿನ ಹತ್ತಿರ, ಮೇಲೆ ಶೀಟು ಹಾಕಿ, ಕಾವಲಿನವರ ಕಣ್ಣಿಗೆ ಕಾಣುವ ಹಾಗೆ ಇರಲಿ. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಕಂಬಿಗಿಂತ, ಸೈಕಲ್ಲಿನ ಮೈಗೇ ಬೀಗ ಹಾಕಲು ಬರುವ ತಲೆಕೆಳಗಾದ ಯು ಆಕಾರದ ಕಂಬಿ ಒಳ್ಳೇದು. ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಕೊಡುತ್ತಾರೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು, ಹತ್ತು ಸೈಕಲ್ ನಿಲ್ಲುತ್ತವೆ. ಪಕ್ಕದಲ್ಲಿ ಒಂದು ಗಾಳಿ ಪಂಪು ಕಟ್ಟಿಡಿ.

ಸ್ಟ್ಯಾಂಡ್ ಆದ ಮೇಲೆ ಎರಡನೆಯದು ಹೊತ್ತು. ಒಂಬತ್ತೂವರೆಗೆ ಬರಲೇಬೇಕು ಅನ್ನುವ ಕಡೆ ಎಂಟೂವರೆಗೆ ಬಂದು ಐದೂವರೆಗೆ ಹೊರಡಲು ಬಿಟ್ಟರೆ, ಎಷ್ಟೋ ಜನರ ಕೆಟ್ಟ ತುಂಡು ತಾನಾಗಿಯೇ ಅರ್ಧ ಸರಿಯಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಸ್ನಾನದ ಮನೆ ಇದ್ದರೆ ಒಳ್ಳೇದೇ, ಆದರೆ ಅದು ಇಲ್ಲ ಅನ್ನುವ ಕಾರಣಕ್ಕೆ ಉಳಿದದ್ದನ್ನೂ ಮುಂದೂಡಬೇಡಿ.

ದುಡ್ಡು ಕೊಡುವುದು ಮೂರನೆಯದು. ನೆದರ್‌ಲೆಂಡ್ಸ್‌ನಲ್ಲಿ ಕಂಪನಿಗಳು ಕೆಲಸಕ್ಕೆ ಬಂದುಹೋಗುವ ದಾರಿಗೆ ಕಿಲೋಮೀಟರಿಗೆ 0.23 ಯೂರೋ ತನಕ ತೆರಿಗೆ ಇಲ್ಲದೆ ಕೊಡಬಹುದು, ಸೈಕಲ್ಲಿನಲ್ಲಿ ಬಂದವರಿಗೂ, ನಡೆದು ಬಂದವರಿಗೂ. ನಮ್ಮಲ್ಲಿ ಪೆಟ್ರೋಲ್ ಭತ್ಯೆ ಇದೆ, ಪಾರ್ಕಿಂಗ್ ಪುಕ್ಕಟೆ ಇದೆ. ನಡೆದು ಬರುವವರಿಗೆ ಏನಿದೆ? ಪೆಟ್ರೋಲಿಗೆ ಕೊಡುವ ಆಫೀಸುಗಳು ಶೂಗೆ, ಟೈರಿಗೆ ಅಂತ ಅದರಲ್ಲಿ ಒಂದು ಪಾಲನ್ನಾದರೂ ಕೊಡಲಿ. ಸ್ಪರ್ಧೆ ಇಷ್ಟ ಇರುವ ತಂಡಗಳಿಗೆ, ಸೈಕಲ್ ಪರ ದುಡಿದು ಬೆಂಗಳೂರಿನ ಬೈಸಿಕಲ್ ಮೇಯರ್ ಅಂತ ಹೆಸರಾದ ಸತ್ಯ ಶಂಕರನ್ ಮತ್ತು ಜೊತೆಯವರು ಶುರು ಮಾಡಿದ ಸೈಕಲ್ ಟು ವರ್ಕ್ ಅನ್ನುವ ಅಭಿಯಾನ ಇದೆ. ಯಾವ ಕಂಪನಿಯವರು ಎಷ್ಟು ತುಳಿದರು ಅಂತ ಪಟ್ಟಿ ಬರುತ್ತದೆ.

ಇನ್ನು ಗೇಟಿನ ಹೊರಗಿನ ಕೆಟ್ಟ ತುಂಡು. ಅದನ್ನು ಒಬ್ಬರೇ ಸರಿ ಮಾಡಲಾಗದು, ಆದರೆ ಆಫೀಸಿನ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರಕ್ಕೆ ತೂಕ ಇದೆ. ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರದಲ್ಲಿ ಅದನ್ನೂ ಬರೆಯಿರಿ, ಜೊತೆಗೆ ಸ್ಕೇಲು ಹಿಡಿದ ಫೋಟೋ ಇಡಿ.

ಯಾರು ನಡೆದು ಬರುತ್ತಾರೆ ಅಂತ ಎಣಿಸುವಾಗ ಕಂಪ್ಯೂಟರ್ ಮುಂದೆ ಕೂರುವವರನ್ನು ಮಾತ್ರ ಎಣಿಸಬೇಡಿ. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಊಟದ ಬ್ಯಾಗು ಹಿಡಿದು ಗುಂಪು ಗುಂಪಾಗಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ಅವರಿಗೆ ನಡೆಯಿರಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಬೇಕಾದದ್ದು ಫುಟ್‌ಪಾತು, ದಾಟಲು ಒಂದು ಸಿಗ್ನಲ್ಲು, ಸಂಜೆ ಬೀದಿ ದೀಪ.

ನಮ್ಮ ಆಫೀಸಿನಲ್ಲಿ ಕಳೆದ ವರ್ಷ ಗೇಟಿನ ಪಕ್ಕ ಎಂಟು ಸೈಕಲ್ಲಿನ ಸ್ಟ್ಯಾಂಡ್ ಹಾಕಿದರು. ಮೊದಲ ವಾರ ಅಲ್ಲಿ ನಾಲ್ಕು ಸೈಕಲ್ ನಿಂತವು. ಒಂದು ನನ್ನದು. ಒಂದು ಸೆಕ್ಯೂರಿಟಿ ಅಣ್ಣನದು. ಇನ್ನೆರಡು ಪ್ಯಾಂಟ್ರಿಯಲ್ಲಿ ಟೀ ಮಾಡುವ ಹುಡುಗರದ್ದು. ಅವರು ಇಷ್ಟು ದಿನ ಸೈಕಲ್ಲನ್ನು ಹಿಂದಿನ ಬೀದಿಯ ಒಂದು ಮರಕ್ಕೆ ಕಟ್ಟುತ್ತಿದ್ದರಂತೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಹೊರಡುವುದು ರಾತ್ರಿ ಒಂಬತ್ತಕ್ಕೆ, ಒಂದು ಸೈಕಲ್ಲಿಗೂ ಲೈಟಿಲ್ಲ. ಮುಂದಿನ ಸಲ ಬಜೆಟ್ ಕೇಳಿದಾಗ ಪಟ್ಟಿಯಲ್ಲಿ ಮೊದಲು ಬರೆದಿರುವುದು ಆ ಲೈಟುಗಳನ್ನು, ಹಿಂದೆ ಕೆಂಪು, ಮುಂದೆ ಬಿಳಿ, ಎರಡು ಜೊತೆ.